ಗುಡಗೇರಿಯ ಕಂಬ, ಹರಿಹರದ ಪೀರ

ಸಾವಿನ ಸುದ್ದಿಯಲ್ಲಿ ಅಬ್ದುಲಗನಿ ಒಮ್ಮೆಯೂ ಸುಳ್ಳಾದವನಲ್ಲ. ಗುಡಗೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇದೇ ಮಾತು ಹೇಳುತ್ತಾರೆ.

ಮೂವತ್ತು ವರ್ಷ ಅವನು ತಂತಿ ಆಫೀಸಿನ ಖಾಕಿ ತೊಟ್ಟು, ಸೈಕಲ್ ಹತ್ತಿ, ಸುತ್ತಲಿನ ಹಳ್ಳಿಗಳಿಗೆ ಟೆಲಿಗ್ರಾಂ ಮುಟ್ಟಿಸಿದವನು. ಗಂಡು ಹುಟ್ಟಿತು, ನೌಕರಿ ಸಿಕ್ಕಿತು ಎನ್ನುವುದಕ್ಕೆಲ್ಲ ನಮ್ಮ ಜನ ಕಾರ್ಡು ಬರೆಯುತ್ತಿದ್ದರು. ತಂತಿ ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಹೀಗಾಗಿ ಅಬ್ದುಲಗನಿಯ ಸೈಕಲ್ ಗಂಟೆ ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಹೆಂಗಸರು ಒಲೆ ಆರಿಸಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಒಮ್ಮೆ ಸಂಶಿ ಹಾದಿಯಲ್ಲಿ ಬಿಸಿಲು ತಾಳದೆ ನೀರು ಕೇಳಲೆಂದು ಒಂದು ಮನೆಯ ಮುಂದೆ ಸೈಕಲ್ ಇಳಿದ. ಒಳಗೆ ಅಳು ಎದ್ದಿತು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೂ ಮನಸಾರೆ ಅತ್ತು, ಆಮೇಲೆ ಮೂಗು ಒರೆಸಿಕೊಂಡು, "ಅಂದ್ಹಂಗ ಯಾರು ಹೋದ್ರೋ ತಮ್ಮಾ?" ಎಂದು ಕೇಳಿದ. "ಯಾರೂ ಇಲ್ರಿ ಯಜ್ಜಾ, ನೀರಡಿಕಿ ಆಗಿತ್ತು" ಎಂದು ಅಬ್ದುಲಗನಿ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮೂರನೆಯ ದಿನಕ್ಕೆ ಆ ಮುದುಕನೇ ಹೋದ. ಊರು ಅದನ್ನೂ ಅಬ್ದುಲಗನಿಯ ಲೆಕ್ಕಕ್ಕೇ ಹಾಕಿತು.

ಇಷ್ಟು ಸುದ್ದಿ ಹೊತ್ತವನಿಗೆ ಜೀವನದಲ್ಲಿ ಒಂದೇ ಆಸೆ ಉಳಿದಿತ್ತು. ಆ ತಂತಿಯನ್ನು ಒಮ್ಮೆ ತಾನೇ ಬಡಿಯಬೇಕು. ತಂತಿ ಮಾಸ್ತರ ಅಮೋಘಸಿದ್ದಪ್ಪನವರು ಬಿಡುವಿನಲ್ಲಿ ಅವನನ್ನು ಎದುರಿಗೆ ಕೂಡಿಸಿಕೊಂಡು, ಮೇಜಿನ ಮೇಲೆ ಬೆರಳು ಬಡಿದು ಮೋರ್ಸ್ ಸಂಕೇತದ ಚುಕ್ಕೆ-ಗೆರೆ ಕಲಿಸಲು ನೋಡಿದರು. ಅಬ್ದುಲಗನಿಯ ಕೈ ಎಲ್ಲೋ ಒಂದು ಕಡೆ ಎಡವುತ್ತಿತ್ತು. ಮಾಸ್ತರು ಬೈಯುತ್ತಿರಲಿಲ್ಲ. "ತಪ್ಪು. ರಿಪೀಟ್, ಗನಿ" ಎನ್ನುತ್ತಿದ್ದರು. ಮತ್ತೆ ತಪ್ಪು, ಮತ್ತೆ ರಿಪೀಟ್. ಹನ್ನೊಂದು ವರ್ಷ ಹೀಗೆ ನಡೆಯಿತು. ಕೊನೆಗೆ ಮಾಸ್ತರು ನಿವೃತ್ತರಾದರು, ತಂತಿ ಆಫೀಸು ಬಾಗಿಲು ಹಾಕಿತು, ಎಂಟು ವರ್ಷದ ಹಿಂದೆ ಮಾಸ್ತರೂ ತೀರಿಕೊಂಡರು. ಅವರ ಹೆಂಡತಿ ಬಸಕ್ಕ ಒಂದು ಎಮ್ಮೆ ಕಟ್ಟಿಕೊಂಡು ಅಬ್ದುಲಗನಿಯ ಗೋಡೆಯ ಬಾಜೂ ಮನೆಯಲ್ಲೇ ಇದ್ದಾಳೆ.

ನಿವೃತ್ತನಾದ ಮೇಲೆ ಅಬ್ದುಲಗನಿ ಸುಮ್ಮನೆ ಕೂಡಲಿಲ್ಲ. ಮೂರು ಸಲ ಪರೀಕ್ಷೆಗೆ ಕುಳಿತು ಹವ್ಯಾಸಿ ರೇಡಿಯೊದ ಲೈಸೆನ್ಸು ಪಡೆದ. ಇಲಾಖೆ ಗುಜರಿಗೆ ಹಾಕಿದ್ದ ಹಳೆಯ ತಂತಿ ಕಂಬಗಳಲ್ಲಿ ನಾಲ್ಕನ್ನು ತಂದು, ಒಂದರ ಮೇಲೊಂದು ಜೋಡಿಸಿ, ಅಂಗಳದಲ್ಲಿ ಐವತ್ತು ಅಡಿಯ ಟವರ್ ನಿಲ್ಲಿಸಿದ. ತುದಿಗೆ ಆಂಟೆನಾ ಕಟ್ಟಿದ. "ಈಗ ಇಡೀ ದುನಿಯಾದ ಕೂಡ ಮಾತಾಡ್ತೀನಿ" ಎಂದು ಚಹಾ ಅಂಗಡಿಯಲ್ಲಿ ಸಾರಿದ.

ಖರೇ ಹೇಳಬೇಕೆಂದರೆ ದುನಿಯಾದಲ್ಲಿ ಅವನು ಮಾತಾಡುತ್ತಿದ್ದುದು ಒಬ್ಬನೊಂದಿಗೆ ಮಾತ್ರ. ಹರಿಹರದ ಗಡಿಯಾರ ರಿಪೇರಿಯ ಇಮಾಮುದ್ದೀನ. ದಿನಾ ಮುಂಜಾನೆ ಆರು ಗಂಟೆಗೆ ಇಬ್ಬರೂ ರೇಡಿಯೊದ ಕೀ ಬಡಿದು ಚುಕ್ಕೆ-ಗೆರೆಯಲ್ಲಿ ಮಾತಾಡುತ್ತಿದ್ದರು. ಇಮಾಮುದ್ದೀನನಿಗೆ ಕಿವಿ ಪೂರಾ ಮಂದ. ಫೋನು ಅವನಿಗೆ ಪ್ರಯೋಜನವಿಲ್ಲದ ವಸ್ತು. ಆದರೆ ರೇಡಿಯೊ ಪೆಟ್ಟಿಗೆಯ ಮೇಲೆ ಬೆರಳಿಟ್ಟರೆ ಚುಕ್ಕೆ-ಗೆರೆಗಳು ಅದುರಿ ತಿಳಿಯುತ್ತಿದ್ದವು. ನಾಲ್ಕು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಇಬ್ಬರೂ ಏನು ತಿಂದಿರಿ, ಮಂಡಿ ನೋವು ಹೇಗಿದೆ ಎಂದು ಕೇಳಿಕೊಳ್ಳುವಷ್ಟರಲ್ಲಿ ಅರ್ಧ ತಾಸು ಹೋಗುತ್ತಿತ್ತು, ಏಕೆಂದರೆ ಅಬ್ದುಲಗನಿ ಪ್ರತಿ ಸಾಲಿನಲ್ಲೂ ಎಡವಿ ಮತ್ತೆ ಮೊದಲಿನಿಂದ ಹೊಡೆಯುತ್ತಿದ್ದ. ಆ ಅರ್ಧ ತಾಸಿಗಾಗಿ ಅವನು ಉಳಿದ ಇಪ್ಪತ್ಮೂರೂವರೆ ತಾಸು ತಡೆದುಕೊಂಡಿರುತ್ತಿದ್ದ.

ಟವರಿಗೆ ವಿಮೆ ಮಾಡಿಸೋಣ ಎಂದು ತಲೆಗೆ ಹುಳ ಬಿಟ್ಟವನು ಭೀಮಶಿ. ಕುಂದಗೋಳದ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ, ಜೊತೆಗೆ ಒಂದು ಕಂಪನಿಯ ವಿಮೆ ಏಜೆನ್ಸಿ. ಕಂಪ್ಯೂಟರಿನ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಸರಿಸಿ ಅವನು ತಲೆ ಕೆರೆದುಕೊಂಡ.

"ಕಾಕಾ, ಇದರಾಗ ಆಂಟೆನಾ ಅನ್ನೂದ ಇಲ್ರಿ."

"ಮತ್ತೇನೈತಿ?"

"ಅಂಗಡಿ ಐತಿ, ಗೋದಾಮ ಐತಿ, ಕೋಳಿ ಫಾರ್ಮ್ ಐತಿ. ಹಾಂ, ಇಲ್ಲೈತಿ ನೋಡ್ರಿ. ದರ್ಗಾ, ನಿಶಾನಿ ಕಂಬ ಸಹಿತ."

"ನಂದು ದರ್ಗಾ ಅಲ್ಲಲೇ ಭೀಮಶಿ."

"ಕಂಬ ಹೌದಿಲ್ಲೋ?"

"ಹೌದು."

"ದಿನಾ ಮುಂಜಾನೆದ್ದು ಅದರ ಬುಡಕ್ಕ ಕೂಡ್ತೀರಿಲ್ಲೋ?"

"ಕೂಡ್ತೀನಿ."

"ಮತ್ತ! ಸಹಿ ಮಾಡ್ರಿ."

ಬೇರೆಯವರ ತಂತಿಯನ್ನೆಲ್ಲ ಕವರಿನ ಮೇಲಿಂದಲೇ ಓದುತ್ತಿದ್ದ ಅಬ್ದುಲಗನಿ ತನ್ನ ಕಾಗದವನ್ನು ಓದದೆ ಸಹಿ ಮಾಡಿ ಬಂದ. ಬುದ್ಧಿವಂತರು ಎಡವುವುದು ಇಂಥ ಕಡೆಯೇ, ಅಬ್ದುಲಗನಿಯಂತೂ ಬುದ್ಧಿವಂತನೂ ಅಲ್ಲ.

ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಎರೆ ಹೊಲಗಳ ಕಡೆಯಿಂದ ಗಾಳಿ ಎದ್ದಿತು. ಮಳೆಯಿಲ್ಲ, ಗುಡುಗಿಲ್ಲ, ಬರೀ ಕರಿಧೂಳು. ಟವರನ್ನು ಬಿಗಿದು ಹಿಡಿದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ನೆಲದಲ್ಲಿ ಕಬ್ಬಿಣದ ಗೂಟ ಹೊಡೆದಿತ್ತು. ನಾಲ್ಕನೆಯ ದಿಕ್ಕಿಗೆ ಬಸಕ್ಕನ ಜಾಗವಿತ್ತು. ಆ ತಂತಿಯನ್ನು ಅಬ್ದುಲಗನಿ ಬಸಕ್ಕನ ಎಮ್ಮೆಯ ಗೂಟಕ್ಕೇ ಕಟ್ಟಿದ್ದ. ಎಮ್ಮೆ ಶಾಂತ ಸ್ವಭಾವದ್ದು, ಹಗ್ಗ ಜಗ್ಗುವುದಲ್ಲ ಎಂಬ ಧೈರ್ಯ. ಗಾಳಿಗೆ ಬಣವೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಹಾರಿ ಬಂದು ಎಮ್ಮೆಯ ಮುಖಕ್ಕೆ ಸುತ್ತಿಕೊಂಡಿತು. ಆ ಶಾಂತ ಪ್ರಾಣಿ ಗೂಟವನ್ನೇ ಕಿತ್ತುಕೊಂಡು, ತಂತಿ ಜಗ್ಗುತ್ತ ಕೊಟ್ಟಿಗೆಯ ಕಡೆ ಓಡಿತು.

ಟವರ್ ಧಡಕ್ಕೆಂದು ಬೀಳಲಿಲ್ಲ. ಮೆಲ್ಲಗೆ ಬಾಗಿತು. ಯಾರೋ ದೂರದಿಂದ ಹೆಸರು ಹಿಡಿದು ಕೂಗಿದಂಥ ಒಂದು ಉದ್ದ ಸದ್ದು ಮಾಡುತ್ತ, ಬಸಕ್ಕನ ಎಮ್ಮೆ ಕೊಟ್ಟಿಗೆಯ ತಗಡಿನ ಮೇಲೆ ತುದಿಯನ್ನಿಟ್ಟು, ಅಂಗಳದುದ್ದಕ್ಕೂ ಮಲಗಿತು. ಅದು ಮಲಗಿದ ಗಳಿಗೆಗೇ ಗಾಳಿ ನಿಂತಿತು. ಒಂದು ಎಲೆ ಸಹ ಅಲ್ಲಾಡಲಿಲ್ಲ.

ಹೆಂಡತಿ ಮಲಿಕಾಬಿ ಹೊರಗೆ ಬಂದು ಬಹಳ ಹೊತ್ತು ನೋಡಿದಳು.

"ತೆಲಿ ಉತ್ತರಕ್ಕ ಮಾಡಿ ಮಲಗೈತ್ರಿ," ಎಂದಳು. "ನಮ್ಮ ಮಂದಿನ್ನ ಮಣ್ಣು ಮಾಡಿದಂಗ."

"ಬಾಯಿ ಮುಚ್ಚು," ಎಂದ ಅಬ್ದುಲಗನಿ. ಆದರೆ ಅಂದು ಸಂಜೆ ಅವನು ಅಂಗಳ ದಾಟುವಾಗ ಕಂಬವನ್ನು ದಾಟಲಿಲ್ಲ, ಸುತ್ತು ಹಾಕಿ ಹೋದ.

ಭೀಮಶಿ ಮೋಟಾರ್‌ಸೈಕಲ್ ಮೇಲೆ ಓಡಿ ಬಂದ. ಪಾಲಿಸಿಯ ಕಾಗದ ಬಿಚ್ಚಿದ. ಎರಡು ಸಲ ಓದಿದ.

"ಕಾಕಾ, ಇದು ದರ್ಗಾದ ಕಂಬ ಆಗಿದ್ರಷ್ಟ ರೊಕ್ಕಾ ಕೊಡ್ತಾರ. ಇಲ್ಲಾಂದ್ರ ಸುಳ್ಳ ಮಾಹಿತಿ ಕೊಟ್ಟೀರಿ ಅಂತ ಕೇಸ್ ಆಗತೈತಿ. ನಿಮ್ಮ ಮ್ಯಾಲೂ, ನನ್ನ ಮ್ಯಾಲೂ."

"ಮತ್ತ ಈಗೇನ್ ಮಾಡೂದಲೇ?"

"ನಾಳೆ ಸರ್ವೇಯರ್ ಬರ್ತಾರ. ಒಂದು ದಿನ, ಒಂದ ದಿನ ಇದು ದರ್ಗಾ ಆಗಲಿ. ಆಮ್ಯಾಲ ಮತ್ತ ಆಂಟೆನಾ ಆಗಲಿ. ಯಾರಪ್ಪಂದೇನ ಹೋಗತೈತಿ? ಅಲ್ಲೀತನಾ ಒಂದು ಬೋಲ್ಟೂ ಮುಟ್ಟಬ್ಯಾಡ್ರಿ."

ಬಿತ್ತನೆ ಬೀಜದ ಅಂಗಡಿಯಿಂದ ಹಸಿರು ನೆರಳುಬಲೆ ತಂದು ಭೀಮಶಿ ಕಂಬದ ಮೇಲೆ ಹೊದಿಸಿದ. ಸೊಳ್ಳೆ ಕಾಟಕ್ಕೆಂದು ಮಲಿಕಾಬಿ ಲೋಬಾನ ಹಾಕಿದಳು. ಬೆಳಗಾಗುವಷ್ಟರಲ್ಲಿ ಕಂಬದ ಒಂದು ತೂತಿನಲ್ಲಿ ಯಾರೋ ಊದಿನಕಡ್ಡಿ ಸಿಕ್ಕಿಸಿ ಹೋಗಿದ್ದರು. ಯಾರು ಎಂದು ಇವತ್ತಿಗೂ ತಿಳಿದಿಲ್ಲ.

ಸರ್ವೇಯರ್ ಹುಬ್ಬಳ್ಳಿಯಿಂದ ಬಂದ ಅನ್ನಪೂರ್ಣಾ ಮೇಡಂ. ತೂಗಿ ಅಳೆದು ಮಾತಾಡುವ ಹೆಂಗಸು. ಕೈಯಲ್ಲಿ ಟ್ಯಾಬು, ಬಗಲಲ್ಲಿ ಅಳತೆ ಟೇಪು. ಕಂಬದ ಸುತ್ತ ನಡೆದು ಫೋಟೊ ಹೊಡೆದಳು. ಊದಿನಕಡ್ಡಿಯ ಫೋಟೊ ಹೊಡೆದಳು. ಎಮ್ಮೆಯ ಫೋಟೊ ಸಹ ಹೊಡೆದಳು.

"ಯಾರ ದರ್ಗಾರಿ ಇದು?"

ಭೀಮಶಿ ಅಬ್ದುಲಗನಿಯನ್ನು ನೋಡಿದ. ಅಬ್ದುಲಗನಿ ಎಮ್ಮೆಯನ್ನು ನೋಡಿದ. ಅವನ ತಲೆಯಲ್ಲಿ ಆ ಗಳಿಗೆಗೆ ಒಂದೇ ಹೆಸರಿತ್ತು. ಅಂದು ಮುಂಜಾನೆ ಆರಕ್ಕೆ, ನಾಲ್ಕು ವರ್ಷದಲ್ಲಿ ಮೊದಲ ಸಲ, ಕೀ ಬಡಿಯದೆ ಕೈ ಕಟ್ಟಿ ಕುಳಿತಿದ್ದ. ಬಾಯಿ ತಾನಾಗಿಯೇ ಅಂದುಬಿಟ್ಟಿತು.

"ಇಮಾಮುದ್ದೀನ."

"ಯಾವೂರವರು?"

"ಹರಿಹರ."

"ಯಾವಾಗ ತೀರಕೊಂಡ್ರು?"

"ಅದು ಬೇಕಾಗತೈತೇನ್ರಿ ಮೇಡಂ?"

"ಈ ಖಾನೆ ತುಂಬದಿದ್ರ ಮುಂದ ಹೋಗೂದಿಲ್ರಿ. ಕೆಂಪ ಚುಕ್ಕಿ ಐತಿ ನೋಡ್ರಿ."

"ಮಂಗಳವಾರ," ಎಂದ ಅಬ್ದುಲಗನಿ.

ಮೇಡಂ ತಲೆ ಎತ್ತಿದಳು. "ನಿನ್ನೆ ಮಂಗಳವಾರನ?"

"ಯಾವುದೋ ಒಂದ ಹಳೇ ಮಂಗಳವಾರ ಮೇಡಂ," ಭೀಮಶಿ ನಡುವೆ ಬಿದ್ದ. "ಭಾಳ ಹಳೇದು. ಈಗ ಯಾರಿಗೂ ನೆನಪಿಲ್ಲದಷ್ಟು ಹಳೇದು."

ಗೋಡೆಯಾಚೆ ಬಸಕ್ಕ ಸಗಣಿ ಬಳಿಯುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಇಷ್ಟೇ: ಇಮಾಮುದ್ದೀನ, ಹರಿಹರ, ಮಂಗಳವಾರ. ಸಗಣಿ ಕೈಯಲ್ಲೇ ಎದೆ ಬಡಿದುಕೊಂಡಳು.

"ಅಯ್ಯ ಶಿವನ! ನಿಮ್ಮ ಆ ದೋಸ್ತ ಹೋದನಾ ಗನಿಸಾಬ?"

"ಇಲ್ಲ ಬಸಕ್ಕಾ..." ಎಂದು ಬಾಯಿ ತೆರೆದ ಅಬ್ದುಲಗನಿ ಮೇಡಂ ಕಡೆ ನೋಡಿ ಮುಚ್ಚಿದ. ಮುಚ್ಚಿದ್ದೇ ಖಾತ್ರಿಯಾಯಿತು. ಅರ್ಧ ತಾಸಿನಲ್ಲಿ ಸುದ್ದಿ ರೈಲ್ವೆ ಸ್ಟೇಷನ್ ಮುಟ್ಟಿತು. ಸುದ್ದಿ ಹೇಳಿದವನು ಅಬ್ದುಲಗನಿ ಎಂದ ಮೇಲೆ ವಿಚಾರಿಸುವ ಪ್ರಶ್ನೆಯೇ ಇರಲಿಲ್ಲ.

ಹೋಗುವ ಮುನ್ನ ಮೇಡಂ ರೇಡಿಯೊ ಕೋಣೆಯ ಬಾಗಿಲಲ್ಲಿ ನಿಂತಳು. "ಒಳಗೇನೈತಿ?"

"ದರ್ಗಾದ ಮೈಕ್ ಸೆಟ್ಟು," ಎಂದ ಭೀಮಶಿ, ಬೆವರು ಒರೆಸುತ್ತ.

ಒಳಗಿನ ಸೆಟ್ಟಿನ ಪ್ಲಗ್ ಕಿತ್ತಿತ್ತು. ಟವರ್ ಬಿದ್ದಾಗ ಹರಿದ ಕೇಬಲ್ಲು ಕಿಟಕಿಯಲ್ಲಿ ಜೋತಾಡುತ್ತಿತ್ತು. ಮೇಡಂ ಬಾಗಿಲು ಎಳೆದು ಬೀಗ ಹಾಕಿಸಿ, ಮೇಲೆ ಕಾಗದದ ಪಟ್ಟಿ ಅಂಟಿಸಿ, ಅರಗು ಒತ್ತಿ, ಅಡ್ಡಲಾಗಿ ಸಹಿ ಮಾಡಿದಳು. "ಮ್ಯಾಲಿನ ಆಫೀಸಿಂದ ಮಂಜೂರಿ ಬರಬೇಕು. ಇಪ್ಪತ್ತ ದಿನ ಬಿಟ್ಟ ಮತ್ತ ಬರ್ತೀನಿ. ಅಲ್ಲೀತನಾ ಕಂಬ ಅಲುಗಬಾರದು, ಈ ಬಾಗಿಲಾ ತೆರೀಬಾರದು."

ಅಂದು ಸಂಜೆ ಮಲಿಕಾಬಿ ಚಹಾ ತಂದು ಕೊಟ್ಟು ಗಂಡನ ಮುಂದೆ ಕುಳಿತಳು.

"ನೀವು ಮೂವತ್ತ ವರ್ಷ ಯಾರ್ಯಾರು ಹೋದ್ರಂತ ಹೇಳೀರಿ. ಒಂದಾದ್ರೂ ಸುಳ್ಳಾಗೈತೇನು?"

"ಇಲ್ಲ."

"ಮತ್ತ ಇದ?"

ಅಬ್ದುಲಗನಿ ಬಸಿ ಕೆಳಗಿಟ್ಟ. ವಿಮೆಯ ರೊಕ್ಕ, ಕೇಸು, ಭೀಮಶಿ ಎಲ್ಲ ತಲೆಯಿಂದ ಹೋಯಿತು. ಇಮಾಮುದ್ದೀನ ಬದುಕಿದ್ದಾನೋ ಇಲ್ಲವೋ ಎಂಬುದೊಂದೇ ಉಳಿಯಿತು. ಕೇಳಿ ತಿಳಿಯೋಣವೆಂದರೆ ಆಂಟೆನಾ ಮಲಗಿದೆ, ಸೆಟ್ಟು ಬೀಗದ ಹಿಂದಿದೆ. ಎಬ್ಬಿಸೋಣವೆಂದರೆ ಮಂಜೂರಿ ಬರಬೇಕು. ಮಂಜೂರಿ ಬರಬೇಕೆಂದರೆ ಇಮಾಮುದ್ದೀನ ಸತ್ತಿರಬೇಕು!

ರೈಲು ಹತ್ತಿ ಹರಿಹರಕ್ಕೇ ಹೋಗಬಾರದೇ ಎಂದು ಯಾರಾದರೂ ಕೇಳಬಹುದು. ಹೊರಟಿದ್ದ. ಎರಡು ಸಲ ಟಿಕೆಟ್ ತೆಗೆಸಿ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ. ಪ್ಯಾಸೆಂಜರ್ ಬಂದು ನಿಂತು ಹೋಯಿತು, ಅವನು ಹತ್ತಲಿಲ್ಲ. ತಾನು ಇಳಿದ ಮನೆಯಲ್ಲಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ನೀರು ಕೇಳಲು ಇಳಿದಲ್ಲೂ ಆಗಿತ್ತು. ಕಾರ್ಡು ಬರೆದ, ಡಬ್ಬಿಯ ಬಾಯಿಗೆ ಹಿಡಿದ, ತನ್ನ ಅಕ್ಷರವೇ ಸಾವಿನ ಸುದ್ದಿಯಂತೆ ಕಂಡು ಹರಿದುಬಿಟ್ಟ. "ಹೆಂಗೈತೋ ಹಂಗ ಇರಲಿ, ನಾ ಅವನ ಹತ್ರ ಹೋಗೂದು ಬ್ಯಾಡ" ಎಂದು ಮನೆಗೆ ಬಂದು ಮುಸುಕು ಹೊದ್ದು ಮಲಗಿದ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಇತ್ತ ಅಂಗಳದಲ್ಲಿ ಬೇರೆಯೇ ನಡೆದಿತ್ತು. ಊರ ಬಾಯಲ್ಲಿ ಸತ್ತ ಇಮಾಮುದ್ದೀನ ಪೀರನಾಗಿದ್ದ, ಬಿದ್ದ ಕಂಬ ಅವನ ಗೋರಿಯಾಗಿತ್ತು. ಮೊದಲು ಯಮನೂರಿನ ದರ್ಗಾಕ್ಕೆ ನಡೆದುಕೊಳ್ಳುವ ಒಂದು ಮನೆಯವರು ಬಂದು ಸಕ್ಕರೆ ಓದಿಸಿ ಹೋದರು. ಆಮೇಲೆ ಕೈ ನೋವಿನವರು ಬಂದರು, ಮದುವೆಗೆ ಕನ್ಯಾ ಸಿಗದವರು ಬಂದರು. ಕಳೆದ ಮೊಬೈಲು ಸಿಗಲೆಂದು ಒಬ್ಬ ಕಂಬಕ್ಕೆ ಚಾರ್ಜರಿನ ವೈರೇ ಕಟ್ಟಿ ಹೋದ. ಹಸಿರು ಬಲೆಯ ಮೇಲೆ ಮಲ್ಲಿಗೆ ಸರ ಬಿದ್ದವು. ಅಬ್ದುಲಗನಿ ಬಾಗಿಲಲ್ಲಿ ನಿಂತು, "ಇದು ಬರೇ ಕಬ್ಬಿಣ ಐತ್ರಿ" ಎಂದರೆ ಜನ ಕೈ ಮುಗಿದು, "ಹೌದ್ರಿ, ಎಲ್ಲಾ ಅವರ ಮಹಿಮಾ" ಎನ್ನುತ್ತಿದ್ದರು. ಯಾರೂ ಕಂಬವನ್ನು ದಾಟುತ್ತಿರಲಿಲ್ಲ. ಓಣಿಯ ನಾಯಿಗಳು ಸಹ ಸುತ್ತಿ ಹೋಗುತ್ತಿದ್ದವು. ಅವಕ್ಕೆ ಯಾರು ಹೇಳಿದ್ದರೋ.

ಐದನೆಯ ದಿನ ಬಸಕ್ಕ ಹಾಲು ಕೊಡಲು ಬಂದವಳು ಹೊಸಲಲ್ಲೇ ನಿಂತಳು.

"ಗನಿಸಾಬ, ಮುಂಜಾನಿ ಆರಕ್ಕ ನನ್ನ ತಗಡಾ ಬಡೀತಾರ್ರಿ."

"ಯಾರು?"

"ಯಾರಂತ ಹೇಳ್ಲಿ? ಟಕ್ ಟಕಾ ಟಕ್. ನಿಂತ ನಿಂತ ಬಡೀತಾರ. ನಮ್ಮ ಯಜಮಾನ್ರು ಊಟಕ್ಕ ಕೂತಾಗ ಗಂಗಾಳದ ಅಂಚಿಗೆ ಬೆರಳ ಬಡೀತಿದ್ರಲ್ಲ, ಹಂಗ."

"ಮುಂಜಾನಿ ತಂಪಿಗೆ ಕಬ್ಬಿಣ ಕುಗ್ಗತೈತಿ ಬಸಕ್ಕಾ. ಅದರ ಸಪ್ಪಳ."

"ಕಬ್ಬಿಣ ಸರೀ ಆರಕ್ಕ ಕುಗ್ಗಿ, ಅರ್ಧ ತಾಸ ಬಿಟ್ಟ ಸುಮ್ನಾಗತೈತೇನ್ರಿ?"

ಮರುದಿನದಿಂದ ಆರು ಗಂಟೆಗೆ ಅವನು ಕಿವಿಗೆ ಅರಳೆ ಇಟ್ಟುಕೊಂಡು, ಮೇಲೆ ಮಫ್ಲರ್ ಸುತ್ತಿ, ಮೇ ತಿಂಗಳ ಸೆಕೆಯಲ್ಲಿ ಬೆವರುತ್ತ ಕೂಡತೊಡಗಿದ. ಎಮ್ಮೆ ಮಾತ್ರ ಆ ಹೊತ್ತಿಗೆ ಮೇಯುವುದನ್ನು ಬಿಟ್ಟು ತಗಡನ್ನೇ ನೋಡುತ್ತ ನಿಲ್ಲುತ್ತಿತ್ತು. ಹಾಲು ಒಂದು ಸೇರು ಹೆಚ್ಚು ಕೊಡುತ್ತಿತ್ತು. ಅದೂ ಪೀರರ ಮಹಿಮೆಗೇ ಸೇರಿತು.

ಇಪ್ಪತ್ತನೆಯ ದಿನ ಹೊತ್ತು ಮುಳುಗುವ ಸುಮಾರಿಗೆ ಅನ್ನಪೂರ್ಣಾ ಮೇಡಂ ಬಂದಳು. ಅಂಗಳ ತುಂಬ ಜನ. ಲೋಬಾನದ ಹೊಗೆ ನೆಲಕ್ಕೆ ಅಂಟಿಕೊಂಡಂತೆ ಹರಿಯುತ್ತಿತ್ತು. ಮೇಡಂ ಹೂವು, ಸಕ್ಕರೆ, ಹರಕೆಯ ದಾರ ಎಲ್ಲವನ್ನೂ ನೋಡಿ ಸಮಾಧಾನದಿಂದ ತಲೆಯಾಡಿಸಿದಳು.

"ಅಗದಿ ನಡೀತಿರೂ ದರ್ಗಾ ಐತ್ರಿ. ಮಂಜೂರಿ ಬಂದೈತಿ. ಇಲ್ಲೊಂದು ಸಹಿ ಮಾಡಿಬಿಡ್ರಿ, ಮೃತ ಇಮಾಮುದ್ದೀನ ಇವರ ದರ್ಗಾದ ಪರವಾಗಿ ಅಂತ."

ಭೀಮಶಿ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟ. ಅಬ್ದುಲಗನಿ 'ಮೃತ' ಎಂಬ ಶಬ್ದವನ್ನು ನೋಡುತ್ತ ನಿಂತ. ಪೆನ್ನು ಮುಂದೆ ಹೋಗಲೊಲ್ಲದು.

ಆಗ ಸಂಜೆಯ ಪ್ಯಾಸೆಂಜರ್ ಸಿಳ್ಳೆ ಹಾಕಿತು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಿಂದ ಒಬ್ಬ ಮುದುಕ ನಡೆದು ಬಂದ. ಬಿಳಿ ಜುಬ್ಬ, ಬಿಳಿ ಗಡ್ಡ, ಕೈಯಲ್ಲಿ ಒಂದು ಚೀಲ, ಇನ್ನೊಂದರಲ್ಲಿ ಮಲ್ಲಿಗೆ ಸರ. ಜನ ದಾರಿ ಬಿಟ್ಟರು. ಅವನು ಕಂಬದ ತಲೆಯ ಕಡೆ ಬಂದು, ಚಪ್ಪಲಿ ಕಳಚಿ, ಮಂಡಿಯೂರಿ ಕುಳಿತ. ಕಣ್ಣಲ್ಲಿ ನೀರಿತ್ತು.

"ಇದ ಏನ್ರಿ, ಅಬ್ದುಲಗನಿ ಭಾಯಿದು ಗೋರಿ?" ಎಂದು ಕೇಳಿದ.

ಬಸಕ್ಕನೇ ಧೈರ್ಯ ಮಾಡಿದಳು. "ಅಲ್ರಿ ಯಜ್ಜಾ. ಇದು ಹರಿಹರದ ಇಮಾಮುದ್ದೀನ ಪೀರರದು. ನೀವು ಯಾರು?"

ಮುದುಕ ಕಿವಿಗೆ ಕೈ ಹಚ್ಚಿ, ಕೇಳುವುದಿಲ್ಲ ಎಂದು ತಲೆಯಾಡಿಸಿದ. ಅವಳು ಗಟ್ಟಿಯಾಗಿ ಹೇಳಿದಳು. ಜನರೆಲ್ಲ ಸೇರಿ ಇನ್ನೂ ಗಟ್ಟಿಯಾಗಿ ಹೇಳಿದರು. ಅವನಿಗೆ ಏನೂ ತಿಳಿಯಲಿಲ್ಲ. ಬೇಸತ್ತು ಹಸಿರು ಬಲೆ ಸರಿಸಿ, ಕಬ್ಬಿಣದ ಮೇಲೆ ಉಂಗುರದ ಬೆರಳಿನಿಂದ ಬಡಿಯತೊಡಗಿದ. ಟಕ್, ಟಕ್ ಟಕ್, ಟಕಾ.

ಅಬ್ದುಲಗನಿ ತಟ್ಟನೆ ತಿರುಗಿದ. ನಾಲ್ಕು ವರ್ಷದಿಂದ ದಿನಾ ಮುಂಜಾನೆ ಕೇಳಿದ ಬಡಿತ ಅದು. ಪೆನ್ನು ಒಗೆದು ಓಡಿ ಬಂದ. ಕಂಬದ ಇನ್ನೊಂದು ತುದಿಗೆ ಕುಳಿತು, ಕೈಗೆ ಸಿಕ್ಕ ಕಲ್ಲಿನಿಂದ ಉತ್ತರ ಬಡಿದ. ತನ್ನ ಹೆಸರನ್ನೇ ತಪ್ಪಾಗಿ ಬಡಿದ, ಮತ್ತೆ ಮೊದಲಿನಿಂದ ಬಡಿದ, ಮತ್ತೆ ತಪ್ಪಿದ.

ಮುದುಕ ಬೆರಳನ್ನು ಕಬ್ಬಿಣದ ಮೇಲಿಟ್ಟುಕೊಂಡು ಅದನ್ನು ಕೇಳಿದ. ಅವನ ಮುಖ ಅರಳಿತು.

"ಇದು! ಇದು ನಮ್ಮ ಗನಿ ಕೈ! ಮೂರ್ ಅಕ್ಷರಕ್ಕ ಎರಡ ತಪ್ಪು! ಜೀವಂತ ಅದಾನ!"

ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಜನರಲ್ಲಿ ಅರ್ಧ, ಪೀರರು ಎದ್ದು ಬಂದರೆಂದು ಕಾಲಿಗೆ ಬಿದ್ದರು. ಉಳಿದರ್ಧ ಓಡಿದರು. ಕಳೆದ ಮೊಬೈಲಿನವನು ಓಡುವಾಗ ತನ್ನ ಚಾರ್ಜರಿನ ವೈರು ಬಿಚ್ಚಿಕೊಳ್ಳುವುದನ್ನು ಮರೆಯಲಿಲ್ಲ.

ಅನ್ನಪೂರ್ಣಾ ಮೇಡಂ ಟ್ಯಾಬು ಹಿಡಿದು ನಿಂತೇ ಇದ್ದಳು. "ಒಂದ ನಿಮಿಷ. ಇವರು ಯಾರ್ರಿ?"

ಭೀಮಶಿ ಕಣ್ಸನ್ನೆ ಮಾಡಿದ. ಕೈ ಮುಗಿದ. ಅಬ್ದುಲಗನಿ ನೋಡಿಯೂ ನೋಡದಂತೆ ಮುದುಕನ ಕೈ ಹಿಡಿದುಕೊಂಡ.

"ಇಮಾಮುದ್ದೀನ್ರಿ ಮೇಡಂ. ಇದು ದರ್ಗಾ ಅಲ್ಲ, ನಂದು ಆಂಟೆನಾ. ನಾ ಸುಳ್ಳ ಹೇಳೀನಿ. ಕೇಸ್ ಹಾಕ್ರಿ, ಬೇಕಾದ್ದ ಮಾಡ್ರಿ. ಇಪ್ಪತ್ತ ದಿನ ನನ್ನ ಜೀವದಾಗ ಜೀವ ಇದ್ದಿದ್ದಿಲ್ಲ. ನನಗ ಈ ಮನಶಾ ಸಿಕ್ಕಾನ, ಸಾಕು."

"ಪೀರರು ಬದುಕ್ಯಾರ ಅಂತ ಬರಿಯಾಕ ಖಾನೇನ ಇಲ್ಲ," ಎಂದಳು ಮೇಡಂ, ಅರ್ಧ ತನಗೆ ತಾನೇ. ಆಮೇಲೆ ಎಲ್ಲವನ್ನೂ ಅಳಿಸಿದಳು. "ಅರ್ಜಿ ವಾಪಸ್ ತಗೊಂಡ್ರು ಅಂತ ಹಾಕ್ತೀನಿ. ಕೇಸ್ ಗೀಸ್ ಬ್ಯಾಡ. ರೊಕ್ಕಾನೂ ಇಲ್ಲ." ಭೀಮಶಿ ಎಮ್ಮೆಯ ಬಾಜೂ ನೆಲಕ್ಕೆ ಕುಸಿದ.

ಮಲಿಕಾಬಿ ನೀರು ತಂದು ಇಮಾಮುದ್ದೀನನಿಗೆ ಕೊಟ್ಟಳು. "ಮೂವತ್ತ ವರ್ಷದಾಗ ಇದೊಂದ ಸುಳ್ಳಾತು," ಎಂದು ಕಣ್ಣು ಒರೆಸಿಕೊಂಡಳು. ಅಬ್ದುಲಗನಿ ದೋಸ್ತನ ಎದುರು ಕುಳಿತು ಕಬ್ಬಿಣದ ಮೇಲೆ ಬಡಿದು ಕೇಳಿದ: ನಾನು ಸತ್ತೆನೆಂದು ನಿನಗೆ ಯಾರು ಹೇಳಿದರು? ಟವರ್ ಬಿದ್ದ ಮೇಲೆ ನನ್ನ ಸುದ್ದಿ ನಿಂತದ್ದಕ್ಕೆ ಹಾಗೆ ತಿಳಿದೆಯಾ?

"ಸುದ್ದಿ ಎಲ್ಲಿ ನಿಂತಿತ್ತು?" ಎಂದ ಇಮಾಮುದ್ದೀನ. "ದಿನಾ ಆರಕ್ಕ ನೀ ಬಡಿದಿ. ಇವತ್ತ ಮುಂಜಾನೀನೂ ಬಡಿದಿ. ಆದ್ರ ಇಪ್ಪತ್ತ ದಿನದಾಗ ಒಂದ ತಪ್ಪೂ ಇದ್ದಿದ್ದಿಲ್ಲ ಭಾಯಿ. ಮುತ್ತು ಪೋಣಿಸಿದಂಗ ಇತ್ತು. ಆಗ ನನಗ ಖಾತ್ರಿ ಆತು, ಇದು ಗನಿ ಕೈ ಅಲ್ಲ. ಗನಿ ಹೋಗ್ಯಾನ, ಕೀ ಮುಂದ ಬ್ಯಾರೆ ಯಾರೋ ಕೂತಾರ."

ಮೇಡಂ ಎದ್ದು ರೇಡಿಯೊ ಕೋಣೆಗೆ ಹೋದಳು. ಕಾಗದದ ಪಟ್ಟಿ, ಅರಗು, ತನ್ನ ಸಹಿ, ಎಲ್ಲ ಇದ್ದಂತೆ ಇದ್ದವು. ತನ್ನ ಕೈಯಾರೆ ಹರಿದು ಬೀಗ ತೆಗೆಸಿದಳು. ಪ್ಲಗ್ ಕಿತ್ತೇ ಇತ್ತು. ಕೇಬಲ್ಲು ಜೋತಾಡುತ್ತಿತ್ತು. ಕೀಯಿಂದ ಗೋಡೆಯವರೆಗೆ ಜೇಡ ಬಲೆ ಕಟ್ಟಿತ್ತು, ಒಂದು ಎಳೆಯೂ ಹರಿದಿರಲಿಲ್ಲ. ಮೇಡಂ ಕುರ್ಚಿಯ ಮೇಲೆ ಕುಳಿತು ನೀರು ಕೇಳಿದಳು.

"ಮೇಡಂ," ಎಂದ ಭೀಮಶಿ ಸಣ್ಣ ದನಿಯಲ್ಲಿ, "ಇದನ್ನ ಯಾವ ಖಾನೇದಾಗ ಬರೀತೀರಿ?"

ಮೇಡಂ ಏನೂ ಬರೆಯದೆ ಏಳು ಗಂಟೆಯ ಬಸ್ಸಿಗೆ ಹೋದಳು.

ಮರುದಿನ ಬೆಳಗಿನ ಆರಕ್ಕೆ ಇಬ್ಬರು ಮುದುಕರು ಬಸಕ್ಕನ ಕೊಟ್ಟಿಗೆಯ ಬಳಿ ಚಹಾ ಹಿಡಿದು ನಿಂತಿದ್ದರು. ಅಬ್ದುಲಗನಿ ಅಂದು ಮಫ್ಲರ್ ಸುತ್ತಿರಲಿಲ್ಲ. ಎಮ್ಮೆ ಮೇವು ಬಿಟ್ಟು ತಲೆ ಎತ್ತಿತು. ಗಾಳಿಯಿರಲಿಲ್ಲ. ತಗಡಿನ ಮೇಲೆ ಮಲಗಿದ್ದ ಕಂಬದ ತುದಿ ಬಡಿಯತೊಡಗಿತು. ಟಕ್ ಟಕಾ ಟಕ್.

ಇಮಾಮುದ್ದೀನ ಬಸಿ ಕೆಳಗಿಟ್ಟು ಎರಡು ಬೆರಳನ್ನು ಕಬ್ಬಿಣದ ಮೇಲಿಟ್ಟ. "ಇದ ಕೈ," ಎಂದ. "ಇಪ್ಪತ್ತ ದಿನ ಬಂದದ್ದು ಇದ ಕೈ."

"ಏನಂತೈತಿ?" ಎಂದು ಅಬ್ದುಲಗನಿ ಅವನ ಮುಖದ ಮುಂದೆ ಕೈಸನ್ನೆ ಮಾಡಿ ಕೇಳಿದ. ಅಷ್ಟು ವೇಗದ ಬಡಿತ ಅವನಿಗೆ ಹಿಡಿಯಲು ಬರುತ್ತಿರಲಿಲ್ಲ.

"ನಿನ್ನ ಹೆಸರ ಹಿಡದೈತಿ. ನಿನ್ನೆ ಸಂಜಿಕ ನೀ ಬಡಿದಿದ್ದು ತಪ್ಪಂತ. 'ತಪ್ಪು. ರಿಪೀಟ್, ಗನಿ.' ಅಷ್ಟ ಹೇಳಿ ಸುಮ್ಮನಾಗೈತಿ. ಯಾರ ಭಾಯಿ ಇದು?"

ಅಬ್ದುಲಗನಿ ತಿರುಗಿ ನೋಡಿದ. ಹಾಲಿನ ತಂಬಿಗೆ ಹಿಡಿದು ಬರುತ್ತಿದ್ದ ಬಸಕ್ಕ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದಳು. ಮಾಸ್ತರು ಹೋದ ಮೇಲೆ ಎಂಟು ವರ್ಷದಿಂದ ಬರಿದಲೆಯಲ್ಲಿ ಓಡಾಡುತ್ತಿದ್ದವಳು ಮೆಲ್ಲಗೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಕಾಯಾಕ ಹತ್ತ್ಯಾರ ಗನಿಸಾಬ," ಎಂದಳು. "ಬಡೀರಿ."

ಅಬ್ದುಲಗನಿ ನಿನ್ನೆಯ ಆ ಕಲ್ಲನ್ನೇ ಹುಡುಕಿ ತಂದು, ಮೂಗು ಒರೆಸಿಕೊಂಡು, ಕಂಬದ ಮುಂದೆ ಕುಳಿತು, ಮೊದಲಿನಿಂದ ಬಡಿಯತೊಡಗಿದ.